‘ಶರಪಂಜರ’ ಬಂದರೆ ಅಮ್ಮ ಎದ್ದು ಒಳಗೆ ಹೋಗುತ್ತಾರೆ. ಅವರ ಜೊತೆ ಕೂತು ನೋಡಬಹುದಾ?

ಸಂಪಿಗೆಮರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಹಾಸನದವಳು. ಮಗುವಿಗೆ ಈಗ ಏಳು ತಿಂಗಳು. ಬಾಣಂತನಕ್ಕೆ ಅಂತ ಅಮ್ಮನ ಮನೆಗೆ ಬಂದವಳು ಇನ್ನೂ ಇಲ್ಲೇ ಇದ್ದೇನೆ. ರಾತ್ರಿ ಎರಡು ಗಂಟೆಗೆ ಮಗು ಹಾಲಿಗೆ ಏಳುತ್ತದೆ. ಕುಡಿಸಿ, ತೇಗು ಬರಿಸಿ, ಮತ್ತೆ ಮಲಗಿಸುವಷ್ಟರಲ್ಲಿ ನನ್ನ ನಿದ್ದೆ ಹಾರಿಹೋಗಿರುತ್ತದೆ. ಆ ಹೊತ್ತಿಗೆ ಫೋನಿನಲ್ಲಿ ಸದ್ದು ತಗ್ಗಿಸಿಕೊಂಡು ಹಳೆಯ ಕನ್ನಡ ಚಿತ್ರ ನೋಡುವುದು ಅಭ್ಯಾಸವಾಗಿದೆ. ಒಂದೇ ಸಲಕ್ಕಲ್ಲ, ರಾತ್ರಿಗೆ ಇಪ್ಪತ್ತು ನಿಮಿಷ.

ಹೀಗೆ ಕಳೆದ ವಾರ ‘ಶರಪಂಜರ’ ನೋಡಿ ಮುಗಿಸಿದೆ. ಪುಟ್ಟಣ್ಣ ಕಣಗಾಲರ 1971ರ ಚಿತ್ರ, ತ್ರಿವೇಣಿಯವರ ಕಾದಂಬರಿ. ಕಲ್ಪನಾ, ಗಂಗಾಧರ್. ಇದನ್ನು ಮೊದಲ ಸಲ ನೋಡಿದಾಗ ನನಗೆ ಒಂಬತ್ತು ವರ್ಷ. ಅಜ್ಜಿ ಮನೆಯಲ್ಲಿ, ದೂರದರ್ಶನದಲ್ಲಿ. ನಡುಮನೆ ತುಂಬಾ ಜನ. ಆಮೇಲೆ ಎಷ್ಟೋ ದಿನ ನಾನು, ನಮ್ಮ ಚಿಕ್ಕಪ್ಪನ ಮಕ್ಕಳು ಸೇರಿ ಆಟ ಆಡುತ್ತಿದ್ದೆವು. ಒಬ್ಬರು ತಲೆಕೂದಲು ಕೆದರಿಕೊಂಡು ಕಣ್ಣು ದೊಡ್ಡದು ಮಾಡಿ ಬರಬೇಕು. ಉಳಿದವರು ಕಿರುಚಿಕೊಂಡು ಓಡಬೇಕು. ಆ ಆಟಕ್ಕೆ ‘ಕಲ್ಪನಾ ಆಟ’ ಅಂತಲೇ ಹೆಸರು. ನನಗೆ ಆ ಚಿತ್ರ ಅಂದರೆ ಹುಚ್ಚಿಯ ಕತೆ, ಅಷ್ಟೇ.

ಈಗ ನೋಡಿದಾಗ ಬೇರೆಯದೇ ಚಿತ್ರ ಕಂಡಿತು. ಕಲ್ಪನಾ ಮಾಡಿರುವ ಕಾವೇರಿಗೆ ಬುದ್ಧಿಭ್ರಮಣೆ ಆಗುವುದು ಎರಡನೇ ಹೆರಿಗೆಯ ನಂತರ. ಅದು ನನಗೆ ನೆನಪೇ ಇರಲಿಲ್ಲ ನೋಡಿ! ಒಂಬತ್ತು ವರ್ಷದವಳಿಗೆ ಹೆರಿಗೆ ಅಂದರೆ ಏನು ಗೊತ್ತಿರುತ್ತದೆ. ಆಸ್ಪತ್ರೆಗೆ ಹೋಗುತ್ತಾಳೆ, ಗುಣವಾಗುತ್ತದೆ, ಮನೆಗೆ ವಾಪಸ್ ಬರುತ್ತಾಳೆ. ಕಷ್ಟ ಶುರುವಾಗುವುದೇ ಅಲ್ಲಿಂದ. ಅವಳು ಸರಿಹೋಗಿದ್ದಾಳೆ ಅಂತ ಒಬ್ಬರೂ ನಂಬುವುದಿಲ್ಲ. ಜೋರಾಗಿ ಮಾತಾಡಿದರೂ ಅನುಮಾನ, ಸುಮ್ಮನೆ ಕೂತರೂ ಅನುಮಾನ. ಅಷ್ಟು ಪ್ರೀತಿಸಿ ಕೈ ಹಿಡಿದ ಗಂಡ ಹತ್ತಿರ ಬರುವುದಿಲ್ಲ. ಆಮೇಲೆ ಅವನಿಗೆ ಬೇರೊಬ್ಬಳ ಜೊತೆ ಸಂಬಂಧ ಇದೆ ಅಂತ ಅವಳಿಗೆ ಗೊತ್ತಾಗುತ್ತದೆ. ಸೀತೆ ವನವಾಸದಿಂದ ಮರಳಿ ಬಂದಳು ಅನ್ನುವ ಹಾಡನ್ನು ಚಿಕ್ಕವಳಿದ್ದಾಗ ಬಾಯಿಪಾಠ ಮಾಡಿದ್ದೆ. ಮರಳಿ ಬಂದ ಸೀತೆಗೆ ಏನಾಯಿತು ಅಂತ ಎಲ್ಲರಿಗೂ ಗೊತ್ತು. ಅದನ್ನು ಕಾವೇರಿಯ ಕತೆಗೆ ಸೇರಿಸಿ ಯೋಚಿಸಿದ್ದು ಮಾತ್ರ ಈಗ, ರಾತ್ರಿ ಎರಡೂವರೆಗೆ, ತೊಡೆ ಮೇಲೆ ಮಗು ಇಟ್ಟುಕೊಂಡು.

ನನ್ನದೂ ಒಂದು ಮಾತು ಹೇಳಬೇಕು. ಹೆರಿಗೆಯಾದ ಎರಡನೇ ವಾರ ನಾನು ತುಂಬಾ ಅಳುತ್ತಿದ್ದೆ. ಕಾರಣ ಇಲ್ಲ. ಎಣ್ಣೆ ನೀರು ಹಾಕಿ ಸಾಂಬ್ರಾಣಿ ಹೊಗೆ ಕೊಡುವಾಗ ಸುಮ್ನೆ ಕಣ್ಣಲ್ಲಿ ನೀರು. ನೋಡಲು ಬಂದವರು “ಹಸಿ ಬಾಣಂತಿ ಅಳಬಾರದು, ಕಣ್ಣು ಹೋಗುತ್ತೆ” ಅನ್ನುತ್ತಿದ್ದರು. ಅಮ್ಮ ಮಾತ್ರ ಏನೂ ಅನ್ನಲಿಲ್ಲ. ರಾತ್ರಿ ನನ್ನ ಮಂಚದ ಪಕ್ಕ ನೆಲದ ಮೇಲೆ ಹಾಸಿಗೆ ಹಾಸಿಕೊಂಡು ಮಲಗಲು ಶುರು ಮಾಡಿದರು. ಮೂರು ವಾರದಲ್ಲಿ ನನಗೆ ಸರಿಹೋಯಿತು. ಅಮ್ಮ ಮಾತ್ರ ಮೂರು ತಿಂಗಳು ಅಲ್ಲಿಂದ ಏಳಲಿಲ್ಲ.

ಈಗ ಪ್ರಶ್ನೆಗೆ ಬರುತ್ತೇನೆ. ಅಮ್ಮನಿಗೆ ಹಳೆಯ ಚಿತ್ರ ಅಂದರೆ ಪ್ರಾಣ. ‘ಬಂಗಾರದ ಮನುಷ್ಯ’ ಎಷ್ಟು ಸಲ ಬಂದರೂ ನೋಡುತ್ತಾರೆ. ‘ಶರಪಂಜರ’ ಬಂದರೆ ಮಾತ್ರ ಎದ್ದು ಅಡುಗೆಮನೆಗೆ ಹೋಗುತ್ತಾರೆ. ಮೊದಲಿಂದಲೂ ಹಾಗೇ. ನಾನು ಮೊನ್ನೆ “ಅಮ್ಮ, ಇದನ್ನು ಇಬ್ಬರೂ ನೋಡೋಣ ಬಾ” ಅಂದೆ. “ಅದು ಬೇಡ” ಅಂದರು. ಅದಾದ ಮೇಲೆ ದೊಡ್ಡಮ್ಮನಿಗೆ ಫೋನ್ ಮಾಡಿದಾಗ ವಿಷಯ ತಿಳಿಯಿತು. ನನ್ನ ತಮ್ಮ ಹುಟ್ಟಿದಾಗ ಅಮ್ಮನಿಗೆ ಬಾಣಂತಿ ಸನ್ನಿ ಆಗಿತ್ತಂತೆ. ಎಂಟು ತಿಂಗಳು ತವರಿನಲ್ಲೇ ಇದ್ದರಂತೆ. ಆಗ ನನಗೆ ಮೂರು ವರ್ಷ, ನಾನು ಇಲ್ಲಿ ಅಜ್ಜಿ ಹತ್ತಿರ ಇದ್ದೆ. ಮೂವತ್ತು ವರ್ಷದ ಮೇಲಾಯಿತು, ಮನೆಯಲ್ಲಿ ಯಾರೂ ಈ ಮಾತು ಎತ್ತಿಲ್ಲ.

ಅಮ್ಮನ ಜೊತೆ ಕೂತು ಆ ಚಿತ್ರ ನೋಡಿದರೆ ಅವರ ಮನಸ್ಸು ಹಗುರ ಆಗಬಹುದಾ? ಇಲ್ಲ, ಹಳೇ ಗಾಯ ಕೆದಕಿದ ಹಾಗೆ ಆಗುತ್ತದಾ? ಹಳೆಯ ಚಿತ್ರವೊಂದು ನಿಮಗೂ ಹೀಗೆ ಬೇರೆಯಾಗಿ ಕಂಡಿದ್ದರೆ ದಯವಿಟ್ಟು ಹೇಳಿ.

---

ನೆಲದ ಟಿಕೆಟ್:

ತಾಯಿ, ನಾನು ನಿವೃತ್ತ ಮೇಷ್ಟ್ರು. ಮಂಡ್ಯ ಕಡೆಯವನು, ಎಪ್ಪತ್ತು ದಾಟಿದೆ. ನಾನು ಈ ಚಿತ್ರ ನೋಡಿದ್ದು ಟೆಂಟಿನಲ್ಲಿ, ಹೈಸ್ಕೂಲು ಮುಗಿಯುವ ಹೊತ್ತಿಗೆ. ನಮ್ಮ ಕಡೆ ಟೆಂಟಿನಲ್ಲಿ ಮೈಕಿನಿಂದ ‘ನಮೋ ವೆಂಕಟೇಶ’ ಕೇಳಿಸಿತು ಅಂದರೆ ಟಿಕೆಟ್ ಕೊಡಲು ಶುರು ಮಾಡಿದರು ಅಂತ ಅರ್ಥ. ಎರಡು ಮೈಲಿ ಆಚೆಯಿಂದಲೇ ಓಡಿ ಬರುತ್ತಿದ್ದೆವು. ನೆಲ, ಬೆಂಚು, ಕುರ್ಚಿ. ನಾವು ಯಾವಾಗಲೂ ನೆಲ. ಮರಳು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂರುವುದು. ಹೆಂಗಸರಿಗೆ ಬೇರೆ ಕಡೆ, ನಡುವೆ ಮೋಟು ಗೋಡೆ. ಪ್ರೊಜೆಕ್ಟರ್ ಒಂದೇ ಇದ್ದದ್ದರಿಂದ ಪ್ರತಿ ಸಲ ರೀಲು ಬದಲಾಯಿಸುವಾಗ ದೀಪ ಹಾಕುತ್ತಿದ್ದರು. ಕಡಲೆಕಾಯಿ ಮಾರುವವನು ಒಂದು ಸುತ್ತು ಬರುತ್ತಿದ್ದ.

ಆ ದೀಪದ ಬೆಳಕಿನಲ್ಲಿ ಕಂಡದ್ದು ಇವತ್ತಿಗೂ ನನ್ನ ಕಣ್ಣಲ್ಲಿದೆ. ಗಂಡಸರ ಕಡೆ ಬೀಡಿ ಹಚ್ಚುತ್ತಿದ್ದರು, ನಗುತ್ತಿದ್ದರು. ಕಾವೇರಿ ಚೀರಿದಾಗ ನಮ್ಮಲ್ಲಿ ಕೆಲವರು ಶಿಳ್ಳೆ ಹಾಕಿದ್ದರು. ನಾನೂ ಹಾಕಿದ್ದೆ. ಗೋಡೆಯ ಆ ಕಡೆ ಅಷ್ಟೂ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದರು. ನಮ್ಮವ್ವ ಕೂಡ. ಒಂದೇ ಪರದೆ, ಒಂದೇ ಚಿತ್ರ. ಗೋಡೆಯ ಎರಡು ಕಡೆ ಎರಡು ಕತೆ ನಡೆಯುತ್ತಿತ್ತು ಅಂತ ನನಗೆ ಹೊಳೆಯಲು ನಲವತ್ತು ವರ್ಷ ಬೇಕಾಯಿತು.

ಆ ವಯಸ್ಸಿನಲ್ಲಿ ನನಗೆ ಕನಿಕರ ಬಂದದ್ದು ಗಂಡನ ಮೇಲೆ. ಪಾಪ, ಹುಚ್ಚು ಹಿಡಿದ ಹೆಂಡತಿಯನ್ನು ಕಟ್ಟಿಕೊಂಡು ಅವನಾದರೂ ಏನು ಮಾಡುತ್ತಾನೆ ಅಂದುಕೊಂಡಿದ್ದೆ. ಮಗಳ ಮದುವೆ ಮಾಡಿದ ಮೇಲೆ ಟಿವಿಯಲ್ಲಿ ಅದೇ ಚಿತ್ರ ಮತ್ತೆ ನೋಡಿದೆ. ಅರ್ಧಕ್ಕೆ ಎದ್ದು ಮಗಳಿಗೆ ಫೋನ್ ಮಾಡಿದೆ. ಏನು ಕೇಳಬೇಕು ಅಂತ ತಿಳಿಯಲಿಲ್ಲ. “ಊಟ ಆಯ್ತಾ ಮಗಾ” ಅಂತ ಕೇಳಿ ಇಟ್ಟೆ.

ಅಮ್ಮನಿಗೆ ಬಲವಂತ ಮಾಡಬೇಡ ತಾಯಿ. ಅವರು ಮೂರು ತಿಂಗಳು ನಿನ್ನ ಪಕ್ಕ ನೆಲದ ಮೇಲೆ ಮಲಗಿದರಲ್ಲ, ಅದರಲ್ಲೇ ಎಲ್ಲ ಹೇಳಿಬಿಟ್ಟಿದ್ದಾರೆ ಅಂತ ನನಗೆ ಅನ್ನಿಸುತ್ತದೆ.

---

ರಾತ್ರಿಪಾಳಿ:

ನಾನು ಮಾನಸಿಕ ರೋಗಿಗಳ ವಾರ್ಡಿನಲ್ಲಿ ನರ್ಸ್. ಹದಿನಾಲ್ಕು ವರ್ಷದ ಅನುಭವ. ಮೊದಲು ಮುಖ್ಯವಾದ ಮಾತು. ನೀವು ಎರಡನೇ ವಾರ ಅತ್ತಿರಿ ಅಂದಿರಲ್ಲ, ಹೆರಿಗೆಯಾದ ಮೇಲೆ ಹಾಗೆ ಅಳು ಬರುವುದು ತುಂಬಾ ಜನರಿಗೆ ಆಗುತ್ತದೆ. ಬಹಳ ಜನಕ್ಕೆ ತಾನಾಗಿಯೇ ಹೋಗುತ್ತದೆ. ಎರಡು ವಾರ ದಾಟಿಯೂ ಹೋಗಲಿಲ್ಲ, ಅಥವಾ ಜಾಸ್ತಿ ಆಯಿತು ಅಂದರೆ ಡಾಕ್ಟರಿಗೆ ಹೇಳಲೇಬೇಕು. ನಿಮ್ಮದು ಮೂರು ವಾರ ಇತ್ತು. ಹಾಗಾಗಿ ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಸಂಕೋಚ ಇಲ್ಲದೆ ಹೇಳಿ. ಅಮ್ಮನಿಗೆ ಏನಾಗಿತ್ತು ಅನ್ನುವುದನ್ನೂ ಹೇಳಿ. ಮನೆಯಲ್ಲಿ ಯಾರಿಗಾದರೂ ಆಗಿದ್ದರೆ ಡಾಕ್ಟರಿಗೆ ಗೊತ್ತಿರುವುದು ಒಳ್ಳೆಯದು.

ಬಾಣಂತಿ ಸನ್ನಿ ಬೇರೆ. ಸಾವಿರ ಹೆರಿಗೆಯಲ್ಲಿ ಒಂದೆರಡು ಅಂತ ಲೆಕ್ಕ. ಸಾಮಾನ್ಯವಾಗಿ ಮೊದಲ ಎರಡು ವಾರದಲ್ಲೇ ಕಾಣಿಸಿಕೊಳ್ಳುತ್ತದೆ. ನಿದ್ದೆ ಪೂರ್ತಿ ಹೋಗುವುದು, ಇಲ್ಲದ ದನಿ ಕೇಳುವುದು, ಮಗು ತನ್ನದಲ್ಲ ಅನ್ನಿಸುವುದು. ಅದು ತುರ್ತು. ಅವತ್ತೇ ಆಸ್ಪತ್ರೆಗೆ ಕರೆತರಬೇಕು. ಚಿಕಿತ್ಸೆ ಕೊಟ್ಟರೆ ಗುಣವಾಗುತ್ತದೆ, ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ನೋಡುವ ವಾರ್ಡ್ ಇದೆ. ಕಾವೇರಿಯ ಕಾಲದಲ್ಲಿ ಅಂಥದ್ದು ಇರಲಿಲ್ಲ. ಈ ಪುಟ ಓದುವ ಯಾರಿಗಾದರೂ ಬೇಕಾಗಬಹುದು ಅಂತ ಬರೆಯುತ್ತಿದ್ದೇನೆ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416. ದುಡ್ಡು ಇಲ್ಲ, ಕನ್ನಡದಲ್ಲೇ ಮಾತಾಡಬಹುದು.

ಚಿತ್ರದ ಬಗ್ಗೆ ನನಗೆ ಒಂದು ಸಿಟ್ಟಿದೆ, ಒಂದು ಗೌರವ ಇದೆ. ಸಿಟ್ಟು ಕೊನೆಯ ಬಗ್ಗೆ. ಅವಳನ್ನು ಮತ್ತೆ ಆಸ್ಪತ್ರೆಗೆ ಸಾಗಿಸುವುದರೊಂದಿಗೆ ಕತೆ ಮುಗಿದುಹೋಗುತ್ತದೆ. ಆಸ್ಪತ್ರೆ ಅಂದರೆ ಬದುಕು ಮುಗಿಯಿತು ಅಂತ ಜನ ಅಂದುಕೊಂಡು ಹೊರಗೆ ಬಂದಿರುತ್ತಾರೆ. ಇವತ್ತಿಗೂ ನಮ್ಮ ವಾರ್ಡಿಗೆ ಬರುವ ಮನೆಯವರು “ಮತ್ತೆ ಸರಿಹೋಗಲ್ಲ ಅಲ್ವಾ ಸಿಸ್ಟರ್” ಅಂತ ಶುರುವಿಗೇ ಕೇಳುತ್ತಾರೆ.

ಗೌರವ ತ್ರಿವೇಣಿಯವರ ಬಗ್ಗೆ. ಅವರು ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದವರು. ರೋಗಕ್ಕಿಂತ ಗುಣವಾದ ಮೇಲಿನ ದಿನಗಳು ಕಷ್ಟ ಅಂತ ಅವರಿಗೆ ಆಗಲೇ ಗೊತ್ತಿತ್ತು. ಡಿಸ್ಚಾರ್ಜ್ ಆಗಿ ಮನೆಗೆ ಹೋದ ಹೆಣ್ಣುಮಕ್ಕಳು ತೋರಿಸಿಕೊಳ್ಳಲು ಬಂದಾಗ ನನ್ನ ಹತ್ತಿರ ಏನು ಹೇಳುತ್ತಾರೆ ಗೊತ್ತಾ? ಮಾತ್ರೆಯ ಬಗ್ಗೆ ಅಲ್ಲ. “ನಾನು ನಕ್ಕರೆ ಎಲ್ಲರೂ ತಿರುಗಿ ನೋಡುತ್ತಾರೆ ಸಿಸ್ಟರ್.” ಇದನ್ನು ಬೇರೆ ಬೇರೆ ಊರಿನ, ಬೇರೆ ಬೇರೆ ಜಾತಿಯ ಎಷ್ಟೋ ಜನರ ಬಾಯಲ್ಲಿ ಕೇಳಿದ್ದೇನೆ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಚಿತ್ರ ಹಾಕಬೇಡಿ. ಆ ಕೊನೆಯನ್ನು ಅಮ್ಮನಿಗೆ ತೋರಿಸುವುದು ನನಗೆ ಇಷ್ಟವಿಲ್ಲ. ಮಾತಿಗೆ ಜಾಗ ಮಾಡಿಕೊಡಿ, ಸಾಕು. ಎದುರು ಬದುರು ಕೂತು “ಹೇಳಮ್ಮ” ಅಂದರೆ ಯಾರೂ ಹೇಳುವುದಿಲ್ಲ. ಇಬ್ಬರ ಕೈಗೂ ಒಂದು ಕೆಲಸ ಇರಲಿ, ಕಣ್ಣು ಆ ಕೆಲಸದ ಮೇಲೆ ಇರಲಿ.

---

ಮುಳಾ ಮುಠಾ:

ನಾನು ಪುಣೆಯಲ್ಲಿರುವ ಧಾರವಾಡದ ಹುಡುಗ, 28 ವರ್ಷ. ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನನಗೆ ‘ಶರಪಂಜರ’ ಪೂರ್ತಿ ನೋಡಲು ಆಗಲಿಲ್ಲ. ಯಾವ ಭಾವನೆ ಬಂದರೂ ಅದರ ಹಿಂದೆ ವಾದ್ಯಗಳು ಒಟ್ಟಿಗೆ ಮೊಳಗುತ್ತವೆ. ಅಳಬೇಕಾದ ಜಾಗವನ್ನು ಬೆರಳು ಮಾಡಿ ತೋರಿಸಿದಂತೆ ಇರುತ್ತದೆ. ಮೇಲೆ ನಾನು ನೋಡಿದ ಪ್ರತಿಯಲ್ಲಿ ಎಲ್ಲವೂ ಗುಲಾಬಿ ಬಣ್ಣ. ಮುಖ, ಗೋಡೆ, ಆಕಾಶ ಎಲ್ಲ ಒಂದೇ. ಆ ಕಾಲದ ಬಣ್ಣದ ಫಿಲ್ಮಿನಲ್ಲಿ ನೀಲಿ, ಹಸಿರು ಬೇಗ ಮಾಸಿಹೋಗಿ ಕೆಂಪು ಮಾತ್ರ ಉಳಿಯುತ್ತದೆ. ಇದು ಪುಟ್ಟಣ್ಣನವರ ತಪ್ಪಲ್ಲ. ಆದರೆ ಅವರು ಆರಿಸಿದ ಸೀರೆಯ ಬಣ್ಣ ನಮ್ಮ ತಲೆಮಾರಿಗೆ ಕಾಣುವುದೇ ಇಲ್ಲ ಅಂದರೆ ಹೊಟ್ಟೆ ಉರಿಯುತ್ತದೆ.

ನನ್ನನ್ನು ಹಿಡಿದು ಕೂರಿಸಿದ್ದು ‘ಘಟಶ್ರಾದ್ಧ’. ಗಿರೀಶ ಕಾಸರವಳ್ಳಿಯವರ ಮೊದಲ ಚಿತ್ರ, 1977. ಅನಂತಮೂರ್ತಿಯವರ ಕತೆ, ಬಿ.ವಿ. ಕಾರಂತರ ಸಂಗೀತ. ಕಪ್ಪು ಬಿಳುಪು ಆದ್ದರಿಂದ ಬಣ್ಣ ಮಾಸುವ ತೊಂದರೆಯೂ ಇಲ್ಲ. ಕಾಲೇಜಿನಲ್ಲಿ ಅದನ್ನು ತೋರಿಸಿದಾಗ ನಾನು ಹಿಂದಿನ ಸಾಲಿನಲ್ಲಿ ನಿದ್ದೆ ಮಾಡಿದ್ದೆ. ಎರಡು ವರ್ಷದ ಹಿಂದೆ ಮತ್ತೆ ನೋಡಿದೆ. ವೇದ ಕಲಿಯಲು ಬಂದ ಸಣ್ಣ ಹುಡುಗ ನಾಣಿ. ಗುರುವಿನ ಮಗಳು ಯಮುನಾ, ವಿಧವೆ. ಮನೆ ಬಿಟ್ಟು ಬಂದ ಆ ಹುಡುಗನನ್ನು ಪ್ರೀತಿಯಿಂದ ನೋಡಿಕೊಳ್ಳುವವಳು ಅವಳೊಬ್ಬಳೇ. ಅವಳು ಬಸುರಿಯಾದಾಗ ಊರೇ ತಿರುಗಿ ಬೀಳುತ್ತದೆ. ಬದುಕಿರುವ ಮಗಳಿಗೆ ಅಪ್ಪನೇ ಶ್ರಾದ್ಧ ಮಾಡುತ್ತಾನೆ. ಕೊನೆಯಲ್ಲಿ ನಾಣಿ ತನ್ನ ಅಪ್ಪನ ಜೊತೆ ಊರು ಬಿಟ್ಟು ಹೊರಡುತ್ತಾನೆ. ತಲೆ ಬೋಳಿಸಿಕೊಂಡ ಯಮುನಾ ಮರದ ಕೆಳಗೆ ಒಬ್ಬಳೇ ಕೂತಿದ್ದಾಳೆ.

ನನಗೆ ನಿದ್ದೆ ಬರಲಿಲ್ಲ ಆ ರಾತ್ರಿ. ನಮ್ಮ ಮನೆಯಲ್ಲಿ ಒಬ್ಬರು ಸೋದರತ್ತೆ ಇದ್ದರು. ಫೋಟೋದಲ್ಲಿ ಇದ್ದಾರೆ, ಮಾತಿನಲ್ಲಿ ಇಲ್ಲ. ಚಿಕ್ಕವನಿದ್ದಾಗ ನನಗೆ ಬೆಲ್ಲ ಶೇಂಗಾ ಕೊಡುತ್ತಿದ್ದವರು. ಒಂದು ದಿನದಿಂದ ಅವರು ಬರುವುದು ನಿಂತಿತು. ನಾನೂ ಕೇಳಲಿಲ್ಲ. ಚಿತ್ರ ನೋಡಿದ ಮೇಲೆ ಅಪ್ಪಾಜಿಗೆ ಕೇಳಿದೆ. ಉತ್ತರ ಸಿಕ್ಕಲು ಒಂದು ವರ್ಷ ಬೇಕಾಯಿತು, ಸಿಕ್ಕಿತು. ಈಗ ಹುಬ್ಬಳ್ಳಿಗೆ ಹೋದಾಗ ಅತ್ತೆಯನ್ನು ನೋಡಿಯೇ ಬರುತ್ತೇನೆ.

‘ಘಟಶ್ರಾದ್ಧ’ವನ್ನು ಈಚೆಗೆ ಸರಿಪಡಿಸಿ ಹೊಸ ಪ್ರತಿ ಮಾಡಿದ್ದಾರೆ, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಪುಟ್ಟಣ್ಣನವರ ಬಣ್ಣದ ಚಿತ್ರಗಳಿಗೂ ಅದೇ ಥರ ಯಾರಾದರೂ ಮಾಡಬೇಕು. ಆಗ ನಾನು ‘ಶರಪಂಜರ’ಕ್ಕೆ ಇನ್ನೊಂದು ಸಲ ಕೂರುತ್ತೇನೆ, ಖಂಡಿತ.

ಅಕ್ಕಾ, ಚಿತ್ರ ತೋರಿಸುವುದು ಬಿಡುವುದು ನಿಮಗೆ ಬಿಟ್ಟದ್ದು. ಕೇಳುವುದನ್ನು ಮಾತ್ರ ಬಿಡಬೇಡಿ.

---

ಕಾಫಿ ಹೂ:

ರಾತ್ರಿಪಾಳಿಯವರ ಮಾತಿಗೆ ಒಂದು ಸೇರಿಸುತ್ತೇನೆ. ತ್ರಿವೇಣಿಯವರು ತೀರಿಕೊಂಡದ್ದು 1963ರಲ್ಲಿ, ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ. ವಯಸ್ಸು ನಲವತ್ತೂ ಆಗಿರಲಿಲ್ಲ. ತಮ್ಮ ಕಾದಂಬರಿಯ ಒಂದು ಚಿತ್ರವನ್ನೂ ಅವರು ನೋಡಲಿಲ್ಲ, ‘ಬೆಳ್ಳಿಮೋಡ’ ಬಂದದ್ದೇ 1967ರಲ್ಲಿ. ಈ ವಿಷಯ ತಿಳಿದ ಮೇಲೆ ನನಗೆ ‘ಶರಪಂಜರ’ದ ಹೆಸರಿನ ಪಟ್ಟಿಯಲ್ಲಿ ಅವರ ಹೆಸರು ಬಂದಾಗಲೆಲ್ಲ ಕಣ್ಣು ಮಂಜಾಗುತ್ತದೆ.

ನಮ್ಮಮ್ಮ ‘ಬೆಳ್ಳಿಮೋಡ’ದ ಇಂದಿರಾ ಕೊನೆಗೆ ಮದುವೆ ಬೇಡ ಅನ್ನುವ ಜಾಗಕ್ಕೆ ಯಾವಾಗಲೂ “ಹಾಗೇ ಆಗಬೇಕು” ಅಂತ ಜೋರಾಗಿ ಹೇಳುತ್ತಿದ್ದರು. ಅಪ್ಪ ಪೇಪರ್ ಮುಖಕ್ಕೆ ಹಿಡಿದುಕೊಳ್ಳುತ್ತಿದ್ದರು. ಯಾಕೆ ಅಂತ ನಾನು ಕೇಳಲಿಲ್ಲ. ಈಗ ಇಬ್ಬರೂ ಇಲ್ಲ. ನೀವು ಕೇಳಿ.

---

ಸಂಪಿಗೆಮರ (ಹನ್ನೆರಡು ದಿನದ ನಂತರ):

ಉತ್ತರ ಕೊಟ್ಟ ಎಲ್ಲರಿಗೂ ಕೈ ಮುಗಿಯುತ್ತೇನೆ. ಒಂದೊಂದನ್ನೂ ಎರಡೆರಡು ಸಲ ಓದಿದೆ. ಡಾಕ್ಟರಿಗೂ ಹೇಳಿ ಬಂದೆ, ರಾತ್ರಿಪಾಳಿ ಸಿಸ್ಟರ್. ಒಂದು ಗಂಟೆ ಮಾತಾಡಿಸಿದರು.

ಚಿತ್ರ ಹಾಕಲಿಲ್ಲ. ಈಗ ಅವರೆಕಾಯಿ ಕಾಲ, ಮನೆಯಲ್ಲಿ ದಿನಾ ಹಿತಕಿದ ಬೇಳೆ ಸಾರು. ಮೊನ್ನೆ ಮಧ್ಯಾಹ್ನ ಮಗು ಮಲಗಿತ್ತು. ನೆನೆಸಿದ ಕಾಳಿನ ಪಾತ್ರೆ ನಡುವೆ ಇಟ್ಟುಕೊಂಡು ನಾನು, ಅಮ್ಮ ಹಿತಕುತ್ತಾ ಕೂತಿದ್ದೆವು. ಫೋನಿನಲ್ಲಿ ಹಳೇ ಹಾಡು ಹಾಕಿದ್ದೆ. ನಾನು ಹುಡುಕಿ ಹಾಕಿದ್ದಲ್ಲ, ಅದರ ಪಾಡಿಗೆ ಒಂದರ ಹಿಂದೆ ಒಂದು ಬರುತ್ತಿತ್ತು. ಹಾಗೆ ‘ಉತ್ತರ ಧ್ರುವದಿಂ ದಕ್ಷಿಣ ಧ್ರುವಕೂ’ ಬಂತು. ಬೇಂದ್ರೆಯವರ ಪದ್ಯ, ‘ಶರಪಂಜರ’ದಲ್ಲಿ ಇಬ್ಬರೂ ಸಂತೋಷವಾಗಿದ್ದಾಗಿನ ಹಾಡು. ನಾನು ಬದಲಾಯಿಸಲು ಕೈ ಚಾಚಿದೆ. ಅಮ್ಮ “ಇರಲಿ ಬಿಡು, ಚೆನ್ನಾಗಿದೆ” ಅಂದರು.

ಹಾಡು ಮುಗಿಯುವವರೆಗೆ ಮಾತಿಲ್ಲ. ಆಮೇಲೆ, ಕಾಳಿನ ಮೇಲೆ ಕಣ್ಣಿಟ್ಟುಕೊಂಡೇ, ಹೇಳಿದರು. ತವರಿನಲ್ಲಿ ಎರಡು ತಿಂಗಳಿಗೇ ಅವರಿಗೆ ಸರಿಹೋಗಿತ್ತಂತೆ. ಹಾಸನದ ಡಾಕ್ಟರ್ ಒಬ್ಬರು ಮಾತ್ರೆ ಕೊಟ್ಟಿದ್ದರು. ಉಳಿದ ಆರು ತಿಂಗಳು ಅವರನ್ನು ಕರೆಯಲು ಯಾರೂ ಬರಲಿಲ್ಲ. ಕಡೆಗೆ ತಾತನೇ ಬಸ್ಸಿನಲ್ಲಿ ಕರೆದುಕೊಂಡು ಬಂದು ಬಿಟ್ಟು ಹೋದರು. ಈ ಮನೆಗೆ ಬಂದ ಮೇಲೆ ಒಂದು ವರ್ಷ ಅವರ ಕೈಗೆ ಯಾರೂ ಈಳಿಗೆಮಣೆ ಕೊಡಲಿಲ್ಲ. ತರಕಾರಿ ಹೆಚ್ಚುವ ಹೊತ್ತಿಗೆ “ನೀನು ಹೋಗಿ ಹೂ ಕಟ್ಟು” ಅನ್ನುತ್ತಿದ್ದರು. ಬಾವಿ ಹತ್ತಿರ ಹೋದರೆ ಹಿಂದೆ ಒಬ್ಬರು ಬರುತ್ತಿದ್ದರು. ತಮ್ಮನನ್ನು ಎತ್ತಿಕೊಂಡರೆ ಎದುರಿಗೆ ಒಬ್ಬರು ಕೂರುತ್ತಿದ್ದರು.

“ಒಂದಿನ ಬೀಗರು ಬಂದಿದ್ದರು. ಅವಸರಕ್ಕೆ ಹುರುಳಿಕಾಯಿ ಹೆಚ್ಚಲು ಯಾರೂ ಇರಲಿಲ್ಲ. ನಿಮ್ಮಜ್ಜಿ ಈಳಿಗೆಮಣೆ ತಂದು ನನ್ನ ಮುಂದೆ ಇಟ್ಟು ಹೋದರು. ಏನೂ ಹೇಳಲಿಲ್ಲ. ಅವತ್ತು ನಾನು ಆ ಹುರುಳಿಕಾಯನ್ನು ಎಷ್ಟು ಸಣ್ಣಗೆ ಹೆಚ್ಚಿದೆ ಅಂತೀಯ” ಅಂದರು ಅಮ್ಮ.

ನನಗೆ ‘ಕಲ್ಪನಾ ಆಟ’ ನೆನಪಾಯಿತು. ಅದನ್ನು ನಾವು ಆಡಿದ್ದು ಇದೇ ಮನೆಯ ನಡುಮನೆಯಲ್ಲಿ, ಅಮ್ಮ ಅಡುಗೆಮನೆಯಲ್ಲಿ ಇದ್ದಾಗ. ಅವರಿಗೆ ಕೇಳಿಸಿರುತ್ತದೆ. ನಾನು ಆ ಮಾತು ಹೇಳಿ, “ತಪ್ಪಾಯಿತಮ್ಮ” ಅಂದೆ. ಅಮ್ಮ ಒದ್ದೆ ಕೈಯಲ್ಲೇ ನನ್ನ ತಲೆ ಸವರಿದರು.

ಸ್ವಲ್ಪ ಹೊತ್ತು ಬಿಟ್ಟು ಅವರೇ ಕೇಳಿದರು. ಆ ಚಿತ್ರವನ್ನು ಅವರು ಮದುವೆಗೆ ಮುಂಚೆ ಒಂದು ಸಲ ಪೂರ್ತಿ ನೋಡಿದ್ದರಂತೆ.

“ಕೊನೆಗೆ ಅವಳನ್ನು ಕರೆದುಕೊಂಡು ಹೋಗುತ್ತಾರಲ್ಲ, ಆಮೇಲೆ ಆ ಮಕ್ಕಳು ಅವಳನ್ನು ನೋಡಲು ಹೋದರಾ? ಅದನ್ನು ತೋರಿಸುತ್ತಾರಾ? ನನಗೆ ಮರೆತುಹೋಗಿದೆ.”

ತೋರಿಸುವುದಿಲ್ಲಮ್ಮ ಅಂದೆ.

ಅಷ್ಟರಲ್ಲಿ ಮಗು ಎದ್ದಿತು. ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ನನಗಿಂತ ಮುಂಚೆ ಎದ್ದು ಹೋಗಿ ಎತ್ತಿಕೊಂಡರು.